ತೂಕದ ಹೊತ್ತಿಗೆ ಒಂದು ಹಿಡಿ

ಬ್ರಹ್ಮಾವರದ ಕಚೇರಿಯಲ್ಲಿ ಸಂದರ್ಶನ ಎಂದು ಗೊತ್ತಾದ ದಿನ ಡೈರಿಯಲ್ಲಿ ಬರೆದದ್ದು ಎರಡೇ ಸಾಲು. ಗುರುವಾರ, ಹತ್ತೂವರೆಗೆ. ಈ ಕೆಲಸ ನನಗೆ ಸಿಗಲೇಬೇಕು, ಇಲ್ಲದಿದ್ದರೆ ಮರವಂತೆ ಅಕ್ಕನನ್ನು ಕೆಲಸದಿಂದ ತೆಗೆಯುತ್ತಾರೆ.

ಎರಡನೆಯ ಸಾಲು ನನ್ನ ರೂಢಿಗೆ ಹೊರತಾದದ್ದು. ಡೈರಿಯಲ್ಲಿ ನಾನು ಸಾಮಾನ್ಯವಾಗಿ ಬರೆಯುವುದು ಯಾವ ಬಸ್ಸಿಗೆ ಹೋದೆ, ಎಷ್ಟು ಕಿಲೋ ಆಯಿತು, ಯಾರು ರಜೆ, ಕರೆಂಟು ಎಷ್ಟು ಹೊತ್ತು ಹೋಯಿತು, ಇಷ್ಟೆ.

ನಾನು ಕೆಲಸ ಮಾಡುವುದು ಗೇರುಬೀಜದ ಕಾರ್ಖಾನೆಯಲ್ಲಿ. ಕುಂದಾಪುರದಿಂದ ಬೈಂದೂರಿನ ಕಡೆಗೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗಿದೆ. ಅದೇ ಮಾಲೀಕರದ್ದು ಇನ್ನೊಂದು ಬೈಂದೂರಿನಲ್ಲಿದೆ. ದೊಡ್ಡ ಕಚೇರಿ ಬ್ರಹ್ಮಾವರದಲ್ಲಿ. ಬೀಜ ಒಡೆದು, ಒಣಗಿಸಿ, ಮೆಶೀನಿಗೆ ಹಾಕಿದರೆ ಹೆಚ್ಚಿನ ತಿರುಳಿನ ಕೆಂಪು ಸಿಪ್ಪೆ ಹೋಗುತ್ತದೆ. ಮೆಶೀನಿಗೆ ಬಗ್ಗದೆ ಉಳಿದದ್ದು ನಾವು ಕೂರುವ ದೊಡ್ಡ ಹಾಲಿಗೆ ಬರುತ್ತದೆ. ಉದ್ದ ಮೇಜುಗಳ ಎರಡೂ ಬದಿಗೆ ಹೆಂಗಸರು ಕೂತು, ಸಣ್ಣ ಚೂರಿಯ ತುದಿಯಿಂದ ಒಂದೊಂದೇ ತಿರುಳಿನ ಸಿಪ್ಪೆ ಕೆರೆದು ತೆಗೆಯಬೇಕು. ತಿರುಳು ಮುರಿಯಬಾರದು. ಸಂಜೆ ನಾಲ್ಕೂವರೆಗೆ ತೂಕ. ಅವರವರ ಟ್ರೇಯಲ್ಲಿ ಎಷ್ಟು ತೂಗುತ್ತದೋ ಅಷ್ಟೇ ಅವರ ಕೂಲಿ.

ಹದಿನೈದು ದಿನದ ಸರಾಸರಿ ದಿನಕ್ಕೆ ಆರು ಕಿಲೋಕ್ಕಿಂತ ಕಡಿಮೆಯಾದರೆ ಹೆಸರು ಬ್ರಹ್ಮಾವರಕ್ಕೆ ಹೋಗುತ್ತದೆ. ಹಾಗೆ ಹೋದ ಹೆಸರು ವಾಪಸು ಬಂದದ್ದನ್ನು ನಾನು ಕಂಡಿಲ್ಲ.

ಈ ನಿಯಮ ಬಂದಾಗಿನಿಂದಲೋ ಅದಕ್ಕೂ ಮುಂಚಿನಿಂದಲೋ, ಹಾಲಿನಲ್ಲಿ ಒಂದು ಪದ್ಧತಿ ಇತ್ತು. ಹಿಡಿ ಹಾಕುವುದು ಅನ್ನುತ್ತಿದ್ದರು. ತೂಕಕ್ಕೆ ಏಳುವ ಮೊದಲು, ಸೆರಗು ಕೊಡವಿಕೊಳ್ಳುವ ಗಲಾಟೆಯಲ್ಲಿ, ಪ್ರತಿಯೊಬ್ಬಳೂ ತನ್ನ ಟ್ರೇಯಿಂದ ಒಂದು ಹಿಡಿ ತಿರುಳು ತೆಗೆದು ಆ ದಿನ ಹಿಂದೆ ಬಿದ್ದವಳ ಟ್ರೇಗೆ ಹಾಕುತ್ತಿದ್ದಳು. ಬಾಣಂತನ ಮುಗಿಸಿ ಬಂದವಳಿಗೆ, ಜ್ವರದಲ್ಲಿ ಎದ್ದು ಬಂದವಳಿಗೆ, ಮನೆಯಲ್ಲಿ ಸಾವಾಗಿ ಕೈ ಓಡದವಳಿಗೆ. ಯಾರೂ ಕೇಳುತ್ತಿರಲಿಲ್ಲ. ಪಡೆದವಳು ತಲೆ ಎತ್ತುತ್ತಿರಲಿಲ್ಲ. ಆಮೇಲೆ ಬಸ್ಸಿನಲ್ಲಿ ಅದರ ಮಾತೇ ಇಲ್ಲ.

ಕಳೆದ ಮಳೆಗಾಲದಿಂದ ಹಿಡಿ ಹೋಗುತ್ತಿದ್ದದ್ದು ಮರವಂತೆ ಅಕ್ಕನ ಟ್ರೇಗೆ. ನಮ್ಮಲ್ಲಿ ಹೆಚ್ಚಿನವರನ್ನು ಕರೆಯುವುದು ಊರಿನಿಂದಲೇ. ಅಕ್ಕನಿಗೆ ಐವತ್ತೇಳು. ಬಲಗೈ ನಡುಗಲು ಶುರುವಾಗಿತ್ತು. ಮಾತ್ರೆ ತೆಗೆದುಕೊಂಡರೆ ಬೆಳಿಗ್ಗೆ ಒಂದೆರಡು ಗಂಟೆ ಸುಮಾರಾಗಿರುತ್ತಿತ್ತು, ಊಟದ ನಂತರ ಚೂರಿ ಹಿಡಿಯುವುದೇ ಕಷ್ಟ. ಅವರು ಇಪ್ಪತ್ತು ವರ್ಷ ಬೇರೆಬೇರೆ ಕಡೆ ಸಿಪ್ಪೆ ತೆಗೆದಿದ್ದರು, ಆದರೆ ಪಿಎಫ್ ಕಟ್ಟಿದ್ದು ನಮ್ಮ ಕಾರ್ಖಾನೆಯಲ್ಲಿ ಮಾತ್ರ. ಹತ್ತು ವರ್ಷ ತುಂಬಿದರೆ ಸಾಯುವವರೆಗೆ ಪೆನ್ಶನ್. ತುಂಬಲು ಹೆಚ್ಚುಕಡಿಮೆ ಒಂದು ವರ್ಷ ಬಾಕಿ ಇತ್ತು. ಐವತ್ತೆಂಟರ ಮೇಲೆ ಆ ಲೆಕ್ಕ ಮುಂದುವರಿಯುವುದಿಲ್ಲ. ಈ ವರ್ಷ ತಪ್ಪಿದರೆ ತಪ್ಪಿದ ಹಾಗೆಯೇ.

ನಮ್ಮ ಹಳೆಯ ಸೂಪರ್‌ವೈಸರ್ ವಯಸ್ಸಾದವರು. ತೂಕದ ಹೊತ್ತಿಗೆ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ, ಬೀಡ ಹಾಕಿಕೊಂಡು ಅಂಗಳ ನೋಡುತ್ತ ಕೂರುತ್ತಿದ್ದರು. ಟ್ರೇ ತಕ್ಕಡಿಯ ಮೇಲೆ ಬಂದ ಮೇಲಷ್ಟೇ ಈ ಕಡೆ ತಿರುಗುವುದು. ಅವರು ಕಂಡೂ ಕಾಣದ ಹಾಗಿದ್ದರೋ, ನಿಜಕ್ಕೂ ಕಂಡಿರಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಅರ್ಜಿ ಹಾಕಬಹುದು ಎಂದು ನೋಟೀಸು ಬಂದಾಗ ಹಾಲಿನಲ್ಲಿ ಮೊದಲು ಮಾತು ತೆಗೆದವಳು ಹಟ್ಟಿಯಂಗಡಿಯವಳು. ನನ್ನ ಎದುರಿಗೆ ಕೂರುವವಳು, ಕೈಗಿಂತ ಬಾಯಿ ಜೋರು.

"ಹ್ವಾಯ್, ಹೆಣೇ, ನೀ ಬಿಕಾಂ ಮಾಡದ್ದ್ ಈ ಸಿಪ್ಪಿ ತೆಗುಕಾ? ಅರ್ಜಿ ಹಾಕ್."

"ನಂಗ್ ಕೊಡ್ತ್ರಾ?"

"ಕೊಡ್ದಿದ್ರೆ ಬಿಡ್ಲಿ. ಯಾರಾರೂ ಹೊರ್ಗಿನವ್ರ್ ಬಂದ್ ಕಣ್ ಬಿಟ್ಕಂಡ್ ಕೂಕಂಡ್ರೆ ಅಕ್ಕನ್ ಗತಿ ಎಂತ? ನಮ್ಮವ್ರೇ ಒಬ್ರ್ ಅಲ್ ಇದ್ರೆ ಆತ್ತ್."

ನಾನು ಆ ಸಂಜೆಯೇ ಮೊಬೈಲಿನಲ್ಲಿ ಅರ್ಜಿ ತುಂಬಿದೆ.

ಸಂದರ್ಶನದ ಪ್ರಶ್ನೆಗಳನ್ನು ಕಲಿಸುವ ವೀಡಿಯೊಗಳು ಬೇಕಾದಷ್ಟಿವೆ. ನಾನು ಅವುಗಳಿಂದ ಪ್ರಶ್ನೆಗಳನ್ನು ಬರೆದುಕೊಂಡು, ಪ್ರತಿಯೊಂದಕ್ಕೂ ಉತ್ತರ ಬರೆದು, ಊಟದ ಹೊತ್ತಿನಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಸಹೋದ್ಯೋಗಿಗಳನ್ನು ಹೇಗೆ ಪ್ರೇರೇಪಿಸುತ್ತೀರಿ ಎನ್ನುವುದು ಎಲ್ಲ ವೀಡಿಯೊಗಳಲ್ಲೂ ಇತ್ತು.

"ಪ್ರೇರೇಪಿಸುದ್ ಅಂದ್ರೆ ಎಂತ ಮಾರಾಯ್ತಿ?" ಹಟ್ಟಿಯಂಗಡಿಯವಳು ಬುತ್ತಿಯ ಮುಚ್ಚಳ ತೆಗೆಯುತ್ತ ಕೇಳಿದಳು.

"ಕೆಲ್ಸ ಮಾಡುಕೆ ಹುರುಪ್ ಬಪ್ಪಾಂಗ್ ಮಾಡುದ್."

"ಹುರುಪ್ ಬರ್ಕಾರೆ ಸಂಜಿ ಬಸ್ಸಂಗೆ ಕೂಕಂಬುಕೆ ಸೀಟ್ ಸಿಕ್ಕುಕ್. ಹಾಂಗೇ ಹೇಳ್ ಅವ್ರಿಗೆ."

"ಫ್ಯಾನ್ ಒಂದ್ ಸಮಾ ತಿರ್ಗ್ಕ್ ಅಂತ್ಲೂ ಹೇಳ್," ಎಂದಳು ಗುಲ್ವಾಡಿಯ ಹುಡುಗಿ. ಆಗಿನ್ನೂ ಮದುವೆಯಾಗಿ ಬಂದು ಕೆಲಸಕ್ಕೆ ಸೇರಿದವಳು. ಎಲ್ಲರೂ ನಕ್ಕರು. ಅಕ್ಕ ಮಾತ್ರ ನಗಲಿಲ್ಲ. ಕೈ ತೊಳೆಯಲು ಹೋದಾಗ ನನ್ನ ಹಿಂದೆಯೇ ಬಂದರು.

"ಎಂತ ಬೇಕಾರೂ ಹೇಳ್ ಮಗಾ. ಹಿಡಿ ಹಾಕು ವಿಷ್ಯ ಮಾತ್ರ ಬಾಯ್ ಬಿಡ್ಬೇಡ."

"ನಂಗ್ ಅಷ್ಟೂ ಗೊತ್ತಿಲ್ಯಾ ಅಕ್ಕ?"

"ಗೊತ್ತಿತ್ತ್. ಆದ್ರೂ ಹೇಳ್ದೆ."

ಬ್ರಹ್ಮಾವರದ ಕಚೇರಿಯ ಹೊರಗೆ ನನ್ನ ಜೊತೆ ಇನ್ನಿಬ್ಬರು ಕಾಯುತ್ತಿದ್ದರು. ಒಬ್ಬ ಬೈಂದೂರಿನವನು, ಇನ್ನೊಬ್ಬರು ಕೋಟದ ಕಡೆಯವರು, ಉಡುಪಿಯ ಒಂದು ಕಂಪನಿಯಲ್ಲಿ ಇದೇ ಕೆಲಸ ಮಾಡಿದ್ದವರು. ಅವರ ಫೈಲು ನನ್ನದಕ್ಕಿಂತ ದಪ್ಪ ಇತ್ತು. ನನ್ನನ್ನು ಕೊನೆಗೆ ಕರೆದರು.

ಒಳಗೆ ಮೂವರಿದ್ದರು. ಮಾಲೀಕರ ಮಗ, ಮುಂಬಯಿಯ ಹೋಟೆಲು ನೋಡಿಕೊಂಡು ಬಂದವರು. ಮ್ಯಾನೇಜರು. ಮತ್ತೆ ಮಂಗಳೂರಿನಿಂದ ಬಂದಿದ್ದ ಎಚ್‌ಆರ್ ಮೇಡಂ. ಓದು, ಕಂಪ್ಯೂಟರು, ರಜೆ ಇವೆಲ್ಲ ಮುಗಿದ ಮೇಲೆ ಮೇಡಂ ಪೆನ್ನು ಕೆಳಗಿಟ್ಟರು.

"ನಿಮ್ಮ ಜೊತೆ ಕೆಲಸ ಮಾಡುವವರಲ್ಲಿ ಒಬ್ಬರು ತುಂಬಾ ಹಿಂದೆ ಬಿದ್ದಿದ್ದಾರೆ ಅಂತ ಇಟ್ಟುಕೊಳ್ಳಿ. ಅವರನ್ನು ಹೇಗೆ ಮೋಟಿವೇಟ್ ಮಾಡ್ತೀರಿ?"

ನಾನು ಕಂಠಪಾಠ ಮಾಡಿದ್ದನ್ನು ಹೇಳಿದೆ. ಮೊದಲು ಕಾರಣ ಕೇಳುತ್ತೇನೆ. ಸಣ್ಣ ಗುರಿ ಕೊಡುತ್ತೇನೆ. ಒಳ್ಳೆಯದನ್ನು ಎಲ್ಲರ ಮುಂದೆ ಹೊಗಳುತ್ತೇನೆ, ತಪ್ಪನ್ನು ಒಬ್ಬರೇ ಇದ್ದಾಗ ಹೇಳುತ್ತೇನೆ.

"ಇದನ್ನು ಹೊರಗೆ ಕೂತಿರುವ ಇಬ್ಬರೂ ಹೇಳಿದ್ರು," ಎಂದರು ಮೇಡಂ. ಬಿರುಸಾಗಿ ಅಲ್ಲ, ಸ್ವಲ್ಪ ದಣಿದವರ ಹಾಗೆ. "ನಿಜವಾಗಿ ನಡೆದದ್ದು ಒಂದು ಹೇಳಿ. ನಿಮ್ಮ ಹಾಲಿನಲ್ಲಿ ಹಿಂದೆ ಬಿದ್ದವರಿಗೆ ಏನು ಮಾಡ್ತೀರಿ?"

ನಾಲ್ಕೂವರೆಯ ಹೊತ್ತು, ಮೇಜಿನ ಮೇಲೆ ಚಾಚಿ ಬರುವ ಕೈಗಳು, ಟ್ರೇಯ ತಗಡಿಗೆ ತಿರುಳು ಬಿದ್ದ ಸದ್ದು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಆ ಪ್ರಶ್ನೆಗೆ ನನಗೆ ಗೊತ್ತಿದ್ದ ನಿಜವಾದ ಉತ್ತರ ಅದೊಂದೇ. ಹೇಳಬಾರದ್ದೂ ಅದೊಂದೇ.

ಅದರ ಬದಲು ಬೇರೊಂದು ಘಟನೆ ಹೇಳಿದೆ. ಹೊಸದಾಗಿ ಸೇರಿದ ಒಬ್ಬ ಹುಡುಗಿಗೆ ದಿನಕ್ಕೆ ಎರಡು ಕಿಲೋ ಆಗುವುದೂ ಕಷ್ಟವಿತ್ತು. ಚೂರಿಯನ್ನು ನೆಟ್ಟಗೆ ಹಿಡಿಯುತ್ತಿದ್ದಳು, ತಿರುಳು ಮುರಿಯುತ್ತಿತ್ತು. ಪಕ್ಕದಲ್ಲಿ ಕೂತು, ಮಣಿಕಟ್ಟು ಹಿಡಿದು, ಚೂರಿ ಓರೆ ಮಾಡಿ ತಿರುಳನ್ನು ತಿರುಗಿಸುವುದು ಕಲಿಸಿದ್ದರಿಂದ ಎರಡು ತಿಂಗಳಲ್ಲಿ ಎಂಟು ಕಿಲೋಕ್ಕೆ ಬಂದಳು. ನಡೆದದ್ದು ನಿಜ. ಆದರೆ ಆ ಹುಡುಗಿ ನಾನು, ಮಣಿಕಟ್ಟು ಹಿಡಿದವರು ಮರವಂತೆ ಅಕ್ಕ. ಕಲಿಸಿದವರ ಜಾಗದಲ್ಲಿ ನನ್ನನ್ನು ಇಟ್ಟು ಹೇಳಿದೆ.

"ಗುಡ್," ಎಂದರು ಮೇಡಂ.

ಮಾಲೀಕರ ಮಗ ಮುಂದೆ ಬಾಗಿದರು. "ಎಷ್ಟು ಹೇಳಿಕೊಟ್ರೂ ಆಗದವ್ರು ಇರ್ತಾರಲ್ಲ, ಅವ್ರಿಗೆ ಎಂತ ಮಾಡ್ತೀರಿ?"

"ಇನ್ನೊಂದು ಅವಕಾಶ ಕೊಟ್ಟು ನೋಡುತ್ತೇನೆ. ಆಮೇಲೆ ವರದಿ ಮಾಡುತ್ತೇನೆ."

ಅವರು ತಲೆಯಾಡಿಸಿ ಹಿಂದಕ್ಕೆ ಒರಗಿದರು. ಮ್ಯಾನೇಜರು ಮಾತ್ರ ಕನ್ನಡಕದ ಮೇಲಿನಿಂದ ನೋಡಿ, "ನಿನ್ನ ಒಟ್ಟಿಗೇ ಕೂತವ್ರು ಅವ್ರೆಲ್ಲ. ನಿನ್ನ ಮಾತು ಕೇಳ್ತಾರಾ?" ಎಂದು ಕೇಳಿದರು.

"ಕೇಳ್ತಾರೆ," ಎಂದೆ. ಇದಕ್ಕೆ ನಾನು ಉತ್ತರ ಬರೆದುಕೊಂಡಿರಲಿಲ್ಲ.

ಕೆಲಸ ನನಗೇ ಎಂದು ಶನಿವಾರ ಫೋನು ಬಂತು. ಸೋಮವಾರ ಹಟ್ಟಿಯಂಗಡಿಯವಳು ಗೋಳಿಬಜೆ ಕಟ್ಟಿಸಿಕೊಂಡು ಬಂದಳು. ಅಕ್ಕ ನನ್ನ ಕೆನ್ನೆ ಮುಟ್ಟಿದರು. ಅವರ ಬೆರಳು ನಡುಗುತ್ತಿದ್ದದ್ದು ಕೆನ್ನೆಗೆ ಗೊತ್ತಾಯಿತು. "ಇನ್ ಹೆದ್ರಿಕಿ ಇಲ್ಲೆ," ಎಂದರು.

ಮೊದಲ ದಿನ ನಾಲ್ಕೂಕಾಲಿಗೆ ನಾನು ಬೇಕೆಂದೇ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದೆ. ಅಂಗಳದಲ್ಲಿ ಒಂದು ನಾಯಿ ಮಲಗಿತ್ತು. ಅದನ್ನೇ ನೋಡುತ್ತ ಕೂತೆ. ಬೆನ್ನ ಹಿಂದೆ ಸೆರಗು ಕೊಡವುವ ಸದ್ದು ಕೇಳಿತು, ಬೆಂಚು ಸರಿದ ಸದ್ದು ಕೇಳಿತು. ತಗಡಿನ ಮೇಲೆ ತಿರುಳು ಬಿದ್ದ ಸದ್ದು ಕೇಳಲಿಲ್ಲ. ತಕ್ಕಡಿಯಲ್ಲಿ ಅಕ್ಕನ ಟ್ರೇ ನಾಲ್ಕು ಕಿಲೋ ಚಿಲ್ಲರೆ ತೂಗಿತು.

ಹೊಸತನದ ಸಂಕೋಚ ಇರಬೇಕು ಅಂದುಕೊಂಡೆ. ಮರುದಿನ ಆ ಹೊತ್ತಿಗೆ ನೀರು ತರುವ ನೆಪದಲ್ಲಿ ಹೊರಗೇ ಹೋದೆ. ಬಂದು ತೂಗಿದರೆ ಅಷ್ಟೇ. ಮೂರನೆಯ ದಿನವೂ ಅಷ್ಟೇ. ಆ ದಿನ ಬಸ್‌ಸ್ಟಾಪಿನಲ್ಲಿ ಹಟ್ಟಿಯಂಗಡಿಯವಳ ಕೈ ಹಿಡಿದು ಬದಿಗೆ ಎಳೆದೆ.

"ಎಂತಕ್ಕೆ ನಿಲ್ಸದ್ದ್? ನಾ ಕಾಂತಿಲ್ಯಲೇ. ನಾ ಆಚಿ ತಿರ್ಗಿಯೇ ಕೂಕಂತೆ."

"ನೀ ಆಚಿ ತಿರ್ಗದ್ದ್ ಕಂಡೇ ನಮ್ಗ್ ಹೆದ್ರಿಕಿ ಆದ್ದ್ ಮಾರಾಯ್ತಿ," ಎಂದಳು ಅವಳು. "ಆ ಮುದ್ಕನ್ ಕೆಲ್ಸ ಹೋಗಿದ್ರೆ ನಮ್ಗೆಂತ ಆತಿತ್? ನಿನ್ ಕೆಲ್ಸ ಹೋದ್ರೆ ನಿನ್ನ ಅಮ್ಮನ್ ಹತ್ರ ನಾವ್ ಎಂತ ಹೇಳುದ್? ಯಾರಾರೂ ಬ್ರಹ್ಮಾವರಕ್ಕೆ ಒಂದ್ ಫೋನ್ ಮಾಡಿರೆ ಸಾಕ್, ನಿನ್ ಕಣ್ಣೆದ್ರ್ ಮೋಸ ನಡಿತಿತ್ತ್ ಅಂದೇಳಿ."

"ನಾನ್ ಅರ್ಜಿ ಹಾಕದ್ದೇ ಅದ್ಕಲ್ದಾ?"

"ಅದ್ ಗೊತ್ತಿತ್ತ್. ಗೊತ್ತಿಪ್ದ್ರಿಂದ್ಲೇ ಮನ್ಸ್ ಬತ್ತಿಲ್ಲೆ."

"ಅಕ್ಕನ್ ಗತಿ?"

"ಅಕ್ಕನೇ ಬ್ಯಾಡ ಅಂದದ್ದ್. ಮೊದ್ಲ್ ದಿನ್ವೇ ಎಲ್ರ ಹತ್ರ ಹೇಳಿರ್."

ಬಸ್ಸು ಬಂತು. ಅವಳು ಮುಂದಿನ ಬಾಗಿಲಿಗೆ ಹೋದಳು, ನಾನು ಹಿಂದಿನದಕ್ಕೆ.

ನಾನು ಬಿಡಲಿಲ್ಲ. ಮರುದಿನ ಊಟದ ಹೊತ್ತಿನಲ್ಲಿ ಅವಳ ಬಳಿ ಹೋಗಿ, ನನಗಾಗಿ ಒಂದೇ ಸಲ ಹಾಕು, ಒಬ್ಬಳು ಶುರು ಮಾಡಿದರೆ ಉಳಿದವರು ಹಾಕುತ್ತಾರೆ ಎಂದು ಬೇಡಿಕೊಂಡೆ. ಸಂಜೆ ಅವಳು ನಿಜಕ್ಕೂ ಒಂದು ಹಿಡಿ ತೆಗೆದು ಮೇಜಿನಾಚೆ ಚಾಚಿದಳು. ಅಕ್ಕ ತಮ್ಮ ಟ್ರೇಯನ್ನು ಎದೆಗೆ ಎಳೆದುಕೊಂಡು ಸೆರಗು ಮುಚ್ಚಿದರು. ತಿರುಳು ಮೇಜಿನ ಅಂಚಿಗೆ ಬಡಿದು ನೆಲಕ್ಕೆ ಚೆಲ್ಲಿತು.

"ಬ್ಯಾಡ ಅಂದಿದೆ ಅಲ್ದಾ?" ಅಕ್ಕ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಆ ಹೆಣ್ಣಿನ್ ಅನ್ನಕ್ಕ್ ಕಲ್ ಹಾಕುಕೆ ಹೊರ್ಟಿರ್ಯಾ ಎಲ್ರೂ?"

ಹಾಲಿನಲ್ಲಿದ್ದವರೆಲ್ಲ ನನ್ನನ್ನು ನೋಡಿದರು. ನೆಲಕ್ಕೆ ಬಿದ್ದ ಮಾಲನ್ನು ಬೇರೆ ತೂಗಿ ಬರೆಯಬೇಕು. ನಾನು ಬಗ್ಗಿ ಹೆಕ್ಕಿದೆ. ಯಾರೂ ಜೊತೆಗೆ ಬಗ್ಗಲಿಲ್ಲ.

ಮ್ಯಾನೇಜರಿಗೆ ಫೋನು ಮಾಡಿ, ಅಕ್ಕನನ್ನು ಗುಡಿಸುವ ಕೆಲಸಕ್ಕೆ ಹಾಕಬಹುದೇ ಎಂದು ಕೇಳಿದೆ. ಗುಡಿಸುವವರು ಕಂಟ್ರಾಕ್ಟಿನವರು, ಅವರಿಗೆ ಪಿಎಫ್ ಇಲ್ಲ ಎಂದರು. ಹಾಗಾದರೆ ಅದರಿಂದ ಉಪಯೋಗವಿಲ್ಲ. ಪ್ಯಾಕಿಂಗಿನಲ್ಲಿ ಜಾಗ ಕೇಳಿದೆ, ಇರಲಿಲ್ಲ. ಹದಿನೈದು ದಿನದ ಸರಾಸರಿ ನಾನು ಕಳಿಸುವ ಮೊದಲೇ ಅವರ ಕಂಪ್ಯೂಟರಿನಲ್ಲಿತ್ತು.

"ಒಬ್ಬರದ್ದು ತೀರಾ ಕಮ್ಮಿ ಕಾಣ್ತದೆ. ನಿನ್ನ ಅಭಿಪ್ರಾಯ ಎಂತ?" ಎಂದರು ಮ್ಯಾನೇಜರು.

"ಸರ್, ಅವರಿಗೆ ಪೆನ್ಶನ್‌ಗೆ ಇನ್ನೊಂದೇ ವರ್ಷ ಬಾಕಿ. ಹಳಬರು. ಕೆಲಸ ಗೊತ್ತಿದ್ದವರು."

"ಅಂಥವ್ರು ಎರಡು ಕಡೆಯಲ್ಲೂ ಇದ್ದಾರೆ. ಒಬ್ಬರಿಗೆ ಬಿಟ್ರೆ ಎಲ್ಲರಿಗೂ ಬಿಡಬೇಕಾಗ್ತದೆ. ಇನ್ನು ಬರುವುದು ಬೇಡ ಅಂತ ನೀನೇ ನಿಧಾನಕ್ಕೆ ಹೇಳಿಬಿಡು. ನಾವು ಹೇಳುವುದಕ್ಕಿಂತ ನೀನು ಹೇಳಿದ್ರೆ ಅವ್ರಿಗೂ ಬೇಜಾರಾಗುದಿಲ್ಲ."

ನಾನು ಎರಡು ದಿನ ಹೇಳಲಿಲ್ಲ. ಶನಿವಾರ ತೂಕ ಮುಗಿದ ಮೇಲೆ ಅಕ್ಕ ಎಲ್ಲರೂ ಹೋಗುವವರೆಗೆ ಕಾದು, ಚೂರಿಯನ್ನೂ ತಲೆಗೆ ಕಟ್ಟುವ ಬಟ್ಟೆಯನ್ನೂ ನನ್ನ ಮೇಜಿನ ಮೇಲೆ ತಂದಿಟ್ಟರು.

"ಸೋಮವಾರದಿಂದ ನಾ ಬತ್ತಿಲ್ಲೆ."

"ಅಕ್ಕ..."

"ನೀ ಎರ್ಡ್ ದಿನದಿಂದ ಬಾಯ್ ತೆಗುದ್, ಮುಚ್ಚುದ್ ಮಾಡ್ತಿದ್ದೆ. ನಂಗ್ ಕಾಂತಿಲ್ಯಾ? ನಿನ್ ಬಾಯಂಗ್ ಆ ಮಾತ್ ಬಪ್ದ್ ಬ್ಯಾಡ."

ಡೈರಿಯಲ್ಲಿ ಆ ದಿನದ ಪುಟದಲ್ಲಿ ಅಕ್ಕನ ತೂಕ ಇದೆ, ನನ್ನ ಬಸ್ಸಿನ ಸಮಯ ಇದೆ. ಬೇರೇನೂ ಇಲ್ಲ.

ಆ ತಿಂಗಳ ಕೊನೆಗೆ ಮಂಗಳೂರಿನಿಂದ ಎಚ್‌ಆರ್ ಮೇಡಂ ತಾವಾಗಿ ಫೋನು ಮಾಡಿದರು. ನಮ್ಮ ಹಾಲಿನಲ್ಲಿ ಪ್ರತಿಯೊಬ್ಬರ ತೂಕವೂ ಹೆಚ್ಚಾಗಿದೆಯಂತೆ. ಒಬ್ಬಿಬ್ಬರದ್ದಲ್ಲ, ಎಲ್ಲರದ್ದೂ.

"ಇಷ್ಟು ಬೇಗ ಹೇಗೆ ಮಾಡಿದ್ರಿ? ಅವತ್ತು ಇಂಟರ್‌ವ್ಯೂನಲ್ಲಿ ಹೇಳಿದ್ರಲ್ಲ, ಅದೇ ರೀತಿಯಾ?"

ನನಗೆ ಲೆಕ್ಕ ಗೊತ್ತಿತ್ತು. ಹಿಂದಿನ ತಿಂಗಳ ಒಟ್ಟು ತೂಕಕ್ಕಿಂತ ಈ ತಿಂಗಳ ಒಟ್ಟು ಹೆಚ್ಚೇನೂ ಇರಲಿಲ್ಲ. ಒಬ್ಬೊಬ್ಬರದ್ದು ಹೆಚ್ಚಿದ್ದು, ಅವರು ಅಕ್ಕನಿಗೆ ಕೊಡದೆ ಉಳಿಸಿಕೊಂಡ ಒಂದೊಂದು ಹಿಡಿಯಷ್ಟೇ. ಅದನ್ನು ಹೇಳಲು ಹಿಡಿಯ ವಿಷಯ ಹೇಳಬೇಕು.

"ಹೌದು ಮೇಡಂ," ಎಂದೆ.

"ಬೈಂದೂರಿನ ಸೂಪರ್‌ವೈಸರ್‌ಗಳಿಗೆ ಅಲ್ಲಿಗೆ ಹೋಗಿ ಸ್ವಲ್ಪ ಹೇಳಿಕೊಡಿ."

ಹೋದೆ. ನಾಲ್ಕು ಜನ ಕೂತಿದ್ದರು. ಕಾರಣ ಕೇಳುವುದು, ಸಣ್ಣ ಗುರಿ ಕೊಡುವುದು, ಎಲ್ಲರ ಮುಂದೆ ಹೊಗಳುವುದು. ಅವರು ಬರೆದುಕೊಂಡರು. ಚಹಾ ಕೊಟ್ಟು, ಕೈ ಮುಗಿದು ಕಳಿಸಿದರು.

ವಾಪಸು ಬರುವಾಗ ಮರವಂತೆಯಲ್ಲಿ ಬಸ್ಸು ಇಳಿದೆ. ಸಮುದ್ರ ಜೋರಿತ್ತು, ರಸ್ತೆಯ ಬದಿಯ ಕಲ್ಲುಗಳ ಮೇಲೆ ನೀರು ಹಾರುತ್ತಿತ್ತು. ಅಕ್ಕನ ಮನೆ ಆಚೆ, ಹೊಳೆಯ ಬದಿಗೆ. ಅಂಗಳದಲ್ಲಿ ತೆಂಗಿನ ಮಡಲು ಹೆಣೆಯಲು ನೋಡುತ್ತಿದ್ದರು. ಗರಿಯೊಂದು ಕೈಯಿಂದ ಮತ್ತೆ ಮತ್ತೆ ಜಾರುತ್ತಿತ್ತು. ನನ್ನನ್ನು ಕಂಡು ಪಕ್ಕಕ್ಕಿಟ್ಟರು.

"ಬಾ, ಕೂಕೋ. ಎಂತ ಈ ಬದಿಗೆ?"

ಸುತ್ತುಬಳಸಿ ಹೇಳಲು ನನಗೆ ಬರುವುದಿಲ್ಲ. "ನಾನ್ ಆ ಕೆಲ್ಸ ಬಿಡ್ತೆ ಅಕ್ಕ. ಯಾರಾರೂ ಹೊರ್ಗಿನವ್ರ್ ಬರ್ಲಿ. ಅವ್ರ್ ಬಂದ್ರೆ ಇವ್ರ್ ಮತ್ತ್ ಹಿಡಿ ಹಾಕುಕೆ ಶುರು ಮಾಡ್ತ್ರ್. ನಿಮ್ಮನ್ ವಾಪಸ್ ತಕಂಬುಕೆ ಹೇಳ್ತೆ."

"ವಾಪಸ್ ತಕಂತ್ರಾ?"

ನಾನು ಅವರು ಪಕ್ಕಕ್ಕಿಟ್ಟ ಮಡಲನ್ನು ನನ್ನ ಕಡೆ ಎಳೆದುಕೊಂಡು ಹೆಣೆಯತೊಡಗಿದೆ.

"ನನ್ನ್ ಬಿಡ್," ಎಂದರು ಅಕ್ಕ. "ನಂದ್ ಮುಗೀತ್. ಕಟ್ಟದ್ ದುಡ್ಡ್ ತೆಕಂಬುಕೆ ಅರ್ಜಿ ಕೊಟ್ಟಾಯ್ತ್, ಪೆನ್ಶನ್ ಆಸಿ ಇಲ್ಲೆ. ನೀ ಬಿಟ್ರೂ ಅವ್ರ್ ಇನ್ ಹಿಡಿ ಹಾಕ್ತಿಲ್ಲೆ ಮಗಾ."

"ಎಂತಕ್ಕೆ?"

"ಒಂದ್ ಹಿಡಿ ಉಳ್ದ್ರೆ ವಾರಕ್ಕ್ ಎಷ್ಟ್ ಹೆಚ್ಚ್ ಸಿಕ್ಕತ್ತ್ ಅಂತ ಮೊದ್ಲ್ ಯಾರಿಗೂ ಗೊತ್ತಿರ್ಲಿಲ್ಲೆ. ಈಗ ಎಲ್ರ್ ಕೈಯಂಗೂ ಬಂತಲೇ." ಅವರು ಯಾರನ್ನೂ ದೂರುವ ಹಾಗೆ ಹೇಳಲಿಲ್ಲ. "ಪಾಪ, ಅವ್ರಿಗೂ ಖರ್ಚ್ ಇತ್ತ್."

ಚಹಾ ಕುಡಿದು ಹೋಗು ಎಂದರು. ಬೇಡ ಎಂದೆ, ಬಸ್ಸಿದೆ ಎಂದೆ. ಅವರು ಒತ್ತಾಯ ಮಾಡಲಿಲ್ಲ.

ನಾನು ಕೆಲಸ ಬಿಡಲಿಲ್ಲ. ಈಗಲೂ ಅಲ್ಲೇ ಇದ್ದೇನೆ. ಗುಲ್ವಾಡಿಯ ಹುಡುಗಿ ಈಗ ಆರು ತಿಂಗಳ ಬಸುರಿ. ಬೆನ್ನು ನೋವೆಂದು ಅರ್ಧ ಗಂಟೆಗೊಮ್ಮೆ ಏಳುತ್ತಾಳೆ, ಹೋದ ವಾರದಿಂದ ಅವಳ ತೂಕ ಇಳಿಯುತ್ತಿದೆ. ನಿನ್ನೆ ನಾಲ್ಕೂವರೆಗೆ ನಾನು ಕುರ್ಚಿ ತಿರುಗಿಸಲಿಲ್ಲ, ಹಾಲನ್ನೇ ನೋಡುತ್ತ ನಿಂತೆ. ಅವಳು ಬರಿಗೈಯನ್ನು ಮೇಜಿನ ಮೇಲೆ ಇಟ್ಟುಕೊಂಡು ಆಚೀಚೆ ನೋಡಿದಳು. ಹಟ್ಟಿಯಂಗಡಿಯವಳು ತನ್ನ ಟ್ರೇಯೊಳಗೆ ಏನನ್ನೋ ಹುಡುಕುವವಳ ಹಾಗೆ ತಲೆ ತಗ್ಗಿಸಿದ್ದಳು. ಎಲ್ಲರೂ ಹಾಗೆಯೇ ಇದ್ದರು.

ಅವಳು ಎದ್ದು ಬಂದು ಟ್ರೇಯನ್ನು ತಕ್ಕಡಿಯ ಮೇಲಿಟ್ಟಳು.

"ಐದು ಕಿಲೋ ಇನ್ನೂರು," ಎಂದು ನಾನು ಓದಿದೆ. ಅವಳ ಹಿಂದಿನವಳು ಮುಂದೆ ಬಂದಳು. ಒಂಬತ್ತು ಕಿಲೋ.